ದೊಣೆನಾಯಕ

ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ
ಅಂತಾರಲ್ಲ,
ಆ ದೊಣೆನಾಯಕ ನಾನೇ.

ಆದರೆ ಇದು ಹೊಳೆಯಲ್ಲ, ನಾಲೆ.
ಇನ್ನೂರು ವರ್ಷದ ಹಿಂದೆ ಗುದ್ದಲಿ ಹಿಡಿದವರು ಅಗೆದದ್ದು,
ಹತ್ತಿಗಾಗಿ, ಕಲ್ಲಿದ್ದಲಿಗಾಗಿ.
ಇಲ್ಲಿ ನೀರು ಹರಿಯುವುದಿಲ್ಲ.
ಯಾರಾದರೂ ಬಾಗಿಲು ತೆಗೆದರೆ ಒಂದು ಮೆಟ್ಟಿಲು ಇಳಿದು
ಮತ್ತೆ ಕೂತುಬಿಡುತ್ತದೆ.

ನನ್ನ ಕೆಲಸ ನಡೆಯುವುದು.
ಗಾರ್‌ಗ್ರೇವ್‌ನಿಂದ ಮೇಲಕ್ಕೆ, ದಂಡೆಯ ಕೆಸರಲ್ಲಿ, ಕೈಯಲ್ಲೊಂದು ಯಂತ್ರ.
ದೋಣಿಯ ನಂಬರು ಒತ್ತು, ಸೇತುವೆಯ ನಂಬರು ಒತ್ತು,
ಕಿಟಕಿಯಲ್ಲಿ ಲೈಸೆನ್ಸಿನ ಚೀಟಿ ಇದೆಯೇ ಇಣುಕು.
ಇಣುಕಿದಾಗ ಒಮ್ಮೊಮ್ಮೆ ಯಾರದೋ ಅರ್ಧ ಉಂಡ ತಟ್ಟೆ ಕಾಣುತ್ತದೆ.
ಅದಕ್ಕೆ ಯಂತ್ರದಲ್ಲಿ ಗುಂಡಿಯಿಲ್ಲ.

ಸ್ವಂತ ಕಟ್ಟೆಯಿಲ್ಲದ ದೋಣಿಗೆ ಹದಿನಾಲ್ಕು ದಿನ.
ಅಷ್ಟರಲ್ಲಿ ಹಗ್ಗ ಬಿಚ್ಚಿ ಮುಂದಿನ ತಾಣಕ್ಕೆ ಹೋಗಬೇಕು.
ಮುಂದಿನ ತಾಣ ಎಂದರೆ ಎಷ್ಟು ದೂರ?
ಕಾಯಿದೆ ಬರೆದವರು ಬರೆದಿಲ್ಲ.
ನಾನು ಹೇಳುವಂತಿಲ್ಲ.

'ಟೀಸಲ್' ಅಂತ ಒಂದು ದೋಣಿ. ಐವತ್ತೇಳು ಅಡಿ, ತುಕ್ಕು ತಿಂದ ಹಸಿರು.
ಒಳಗೆ ಮಾವಿಸ್ ಥ್ರೆಲ್‌ಫಾಲ್, ಒಂದು ಕಬ್ಬಿಣದ ಒಲೆ,
ಕಿವಿ ಹರಿದ ಒಂದು ನಾಯಿ.
ನೂರ ಅರವತ್ತೆಂಟನೇ ಸೇತುವೆ, ನೂರ ಎಪ್ಪತ್ತು,
ಮತ್ತೆ ನೂರ ಅರವತ್ತೆಂಟು. ಎರಡು ವರ್ಷದಿಂದ ಇಷ್ಟೇ.
ಮೊದಲ ಪತ್ರ ಮೆತ್ತಗಿತ್ತು. ಎರಡನೆಯದರಲ್ಲಿ ದಪ್ಪ ಅಕ್ಷರ.
ಮೂರನೆಯದನ್ನು ಅಂಚೆಯವನು ಯಾವ ಮನೆಗೆ ಹಾಕಬೇಕು?
ನಾನೇ ಅಂಟಿಸಿದೆ, ಅವಳ ಬಾಗಿಲಿಗೆ,
ಯಾರೋ ಬಿಡಿಸಿದ್ದ ಕೆಂಪು ಗುಲಾಬಿಯ ಮೇಲೆ.

"ಹೋಗ್ತಾನೇ ಇದ್ದೀನಲ್ಲ" ಎಂದಳು.
"ಸಾಲದು" ಎಂದೆ.
"ಎಷ್ಟಾದರೆ ಸಾಕು, ಮಗಾ?"
ಪತ್ರದಲ್ಲಿದೆ ಎಂದೆ.
ಪತ್ರದಲ್ಲಿರಲಿಲ್ಲ.

ಮರೀನಾದ ಕ್ಲೈವ್ ಆರ್ಮಿಟೇಜ್ ವಾರಕ್ಕೊಮ್ಮೆ ಫೋನು ಮಾಡುತ್ತಾನೆ:
ನಾವು ಸಾವಿರಗಟ್ಟಲೆ ಪೌಂಡು ಎಣಿಸಬೇಕು, ಅವಳು ಬಿಟ್ಟಿ ಕೂರಬೇಕು!
ಅವನದೂ ಸುಳ್ಳಲ್ಲ.
ಸೋರುವ ಬಾಗಿಲಿಗೆ ಓಕ್ ಮರ ಬೇಕು,
ಓಕ್ ಮರಕ್ಕೆ ದುಡ್ಡು ಬೇಕು,
ದುಡ್ಡಿಗೆ ನಾನು ಬೇಕು.

ಫೆಬ್ರವರಿಯ ಒಂದು ಬೆಳಗ್ಗೆ ಲಾಕ್ ಹತ್ತಿರ ಕಂಡಳು.
ದೋಣಿ ತುಂಬಿದ ತೊಟ್ಟಿಯಲ್ಲಿ ತೇಲುತ್ತಿತ್ತು.
ಬಾಗಿಲ ತೊಲೆಗೆ ಬೆನ್ನು ಕೊಟ್ಟು ತಳ್ಳುತ್ತಿದ್ದಳು,
ಮಂಜುಗಟ್ಟಿದ ಇಟ್ಟಿಗೆಯ ಮೇಲೆ ಬೂಟು ಜಾರುತ್ತಿತ್ತು,
ಎಡಗೈ ಜೋತುಬಿದ್ದಿತ್ತು, ಬೇರೆ ಯಾರದೋ ಕೈ ಎಂಬಂತೆ.
ಎರಡೂ ಕಡೆ ನೀರು ಸಮವಾಗುವ ತನಕ
ಈ ಬಾಗಿಲು ಯಾರಿಗೂ ತೆರೆಯದು.
ಕೊನೆಯ ಒಂದಂಗುಲ ಸಮವಾಗುತ್ತಲೇ ಇರಲಿಲ್ಲ.

ಭುಜ ಹೋಗಿ ಎರಡು ವರ್ಷ, ಎಂದಳು.
ನಮ್ಮ ಅರ್ಜಿಯಲ್ಲಿ 'ತಡವಾದ ಕಾರಣ' ಎಂಬ ಅಂಕಣವಿದೆ.
ಪ್ರತಿ ಸಲ ಅವಳು ಬರೆದದ್ದು ಒಂದೇ ಪದ:
ಗಾಳಿ.

ಸಮವಸ್ತ್ರದಲ್ಲೇ ಇದ್ದೆ.
ಯಂತ್ರವನ್ನು ಕಿಸೆಗೆ ಹಾಕಿ ತೊಲೆಗೆ ಬೆನ್ನು ಕೊಟ್ಟೆ.
ಮೊದಲು ಏನೂ ಆಗಲಿಲ್ಲ. ಆಮೇಲೆ
ಇಡೀ ನಾಲೆಯೇ ಒಮ್ಮೆ ಉಸಿರು ಬಿಟ್ಟಂತೆ ಆಯಿತು.
ಟೀಸಲ್ ಹೊರಗೆ ಹೋಯಿತು, ನಾಯಿ ಮೂತಿಯಲ್ಲಿ ನಿಂತು
ನನ್ನನ್ನೇ ನೋಡಿ ಬೊಗಳಿತು.

"ಇನ್ನೂ ಐದಿವೆ" ಎಂದಳು, ಮೇಲೆ ನೋಡುತ್ತ.
ನನ್ನ ಪಾಳಿ ಎರಡು ಗಂಟೆಗೆ ಮುಗಿಯುತ್ತಿತ್ತು.
"ಏಪ್ರಿಲ್ಲಿಗೆ ಕೋರ್ಟು. ಇದನ್ನೂ ಹೇಳ್ತೀಯಾ ಅಲ್ಲಿ?"
ಯಾವುದನ್ನು ಎಂದು ಕೇಳಿದೆ,
ಗೊತ್ತಿದ್ದೂ.

ಬಾಗಿಲು ಮುಚ್ಚಿದೆ. ಮುಚ್ಚಿದ ಬಾಗಿಲ ಸಂದಿಯಿಂದ
ನೀರು ಇಳಿಯುತ್ತಲೇ ಇತ್ತು, ಚೀಟಿಯಿಲ್ಲದೆ.
ಯಂತ್ರ ತೆಗೆದು ನಂಬರು ಒತ್ತಿದೆ.
ಹೊಸ ತಾಣ, ಎಂದಿತು ಅದು. ದಿನ ಒಂದು.
ಬೆನ್ನ ಮೇಲೆ ಪಾಚಿಯ ಹಸಿರು ಗೀಟೊಂದು
ಮನೆಗೆ ಬಂದು ಕೋಟು ಕಳಚಿದಾಗಲೇ ಕಂಡದ್ದು.