ಕಾಗದದ ಪಟ್ಟಿ

ಕೆಳರೆಪ್ಪೆಯೊಳಗೆ ತೆಳುವಾದ ಕಾಗದದ ಪಟ್ಟಿ ಸಿಕ್ಕಿಸಿ
ಐದು ನಿಮಿಷ ಅಲುಗಬೇಡ ಅಂದರು ಡಾಕ್ಟರು.
ಓದ್ಗೆರೆಲ್ ಅಲುಗಲಿಲ್ಲ.
ಅಲುಗದೆ ಕೂರುವುದೇ ಎರಡು ವರ್ಷದಿಂದ ಅವಳು ಕಲಿತ ವಿದ್ಯೆ.

ಕನ್ನಡದ ಕಿವಿಗೆ ಆ ಹೆಸರಿನೊಳಗೇ ಓದು ಕೂತಿದೆ.
ಅವರ ಮಾತಿನಲ್ಲಿ ಅದು
ಚುಕ್ಕಿಯ ಬೆಳಕು.

ಹತ್ತನೆಯ ಗೆರೆ ದಾಟಬೇಕಿತ್ತು ತೇವ.
ಮೂರಕ್ಕೇ ನಿಂತಿತು.
ಅತ್ತದ್ದು ಯಾವಾಗ ಎಂದು ಕೇಳಲಿಲ್ಲ ಅವರು,
ಎಲ್ಲಿ ಕೂತು ಓದುತ್ತಿ ಎಂದರು.

ಉಲಾನ್‌ಬಾತರಿನ ಉತ್ತರದ ಗುಡ್ಡದ ಮೇಲೆ,
ಉಣ್ಣೆ ಹೊದ್ದ ದುಂಡು ಗುಡಾರದಲ್ಲಿ.
ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ.
ಒಳಗೆ ಒಲೆ, ಕಲ್ಲಿದ್ದಲು ತಿಂದು
ಗಾಳಿಯ ಪಸೆ ಕುಡಿಯುತ್ತದೆ.
ಒಗೆದ ಅಂಗಿ ಅರ್ಧ ತಾಸಿಗೆ ಗರಿಗರಿ.
ಕಣ್ಣೂ.

ಒಂದೇ ಬಲ್ಬು, ಅದೂ ಬೆನ್ನ ಹಿಂದೆ.
ರಸಾಯನಶಾಸ್ತ್ರದ ಮೇಲೆ ಅವಳದೇ ತಲೆಯ ಗ್ರಹಣ.
ತಮ್ಮ ಖುಯಾಗ್ ಮಲಗಿದ ಮೇಲೆ ಅದನ್ನೂ ಆರಿಸಿ
ಅಪ್ಪನ ಗಣಿಯ ಹಣೆದೀಪ ಕಟ್ಟಿಕೊಳ್ಳುತ್ತಾಳೆ.
ಬೆಳಕು ನುಣುಪು ಹಾಳೆಗೆ ಬಡಿದು
ಬಂದ ದಾರಿಯಲ್ಲೇ ಕಣ್ಣಿಗೆ ವಾಪಸು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದು ಅನ್ನುತ್ತೇವೆ ನಾವು.
ಎಣ್ಣೆ ಅಲ್ಲೇ ಇದೆಯಂತೆ,
ರೆಪ್ಪೆಯಂಚಿನಲ್ಲಿ ಸಾಲಾಗಿ, ಸೂಜಿಮೊನೆಯಷ್ಟು ಬಾವಿಗಳು.
ಒಮ್ಮೆ ಮಿಟುಕಿದರೆ ಒಮ್ಮೆ ಸವರುತ್ತವೆ.
ಮಿಟುಕಿದರೆ ತಾನೆ?

ಅಜ್ಜಿ ನ್ಯಾಮ್‌ಸುರೆನ್ ಕುರಿ ಎಣಿಸಿದ ಬೆರಳಲ್ಲಿ ಎಣಿಸಿದಳು:
ನಿಮಿಷಕ್ಕೆ ನಾಲ್ಕು.
‘ನನ್ನ ಕುರುಡು ಟಗರೂ ಇದಕ್ಕಿಂತ ವಾಸಿಯಿತ್ತು!’

ಎವೆಯಿಕ್ಕದವರು ದೇವತೆಗಳು.
ಅವರಿಗೆ ಒಲೆಯಿಲ್ಲ, ಹೊಗೆಯಿಲ್ಲ,
ಜೂನ್ ತಿಂಗಳಲ್ಲಿ ಪರೀಕ್ಷೆಯಿಲ್ಲ.

ನಾರನ್‌ತೂಲ್ ಸಂತೆಯಿಂದ ಅಜ್ಜಿ ಮೇಜುದೀಪ ತಂದಳು,
ಹಳದಿ ಬೆಳಕಿನದು, ಕತ್ತು ಸ್ವಲ್ಪ ಸಡಿಲ.
ಎಡಕ್ಕಿಡಿ ಎಂದಿತ್ತು ಆಸ್ಪತ್ರೆಯ ಚೀಟಿ.
ಓದ್ಗೆರೆಲ್ ಎಡಚಿ. ಬಲಕ್ಕಿಟ್ಟಳು.
ಒಲೆಯ ಮೇಲೆ ಬಾಯಿ ತೆರೆದ ನೀರಿನ ಪಾತ್ರೆ.
ತುಟ್ಟಿಯ ಹನಿಶೀಶೆಗೆ ಉಪ್ಪಿನ ಡಬ್ಬಿಯ ಹಿಂದೆ ಜಾಗ.

ಪ್ರತಿ ಪುಟದ ಕೊನೆಗೆ ಪೆನ್ಸಿಲಿನಲ್ಲಿ
ಒಂದು ಮುಚ್ಚಿದ ಕಣ್ಣು ಬರೆದುಕೊಂಡಿದ್ದಾಳೆ.
ಅಲ್ಲಿಗೆ ಬಂದಾಗ ತನ್ನದನ್ನೂ ಮುಚ್ಚಿ
ಇಪ್ಪತ್ತು ಎಣಿಸಬೇಕು.

ಮೊದಲ ರಾತ್ರಿ, ನಲವತ್ತೊಂದನೆಯ ಪುಟದಲ್ಲಿ,
ಹನ್ನೊಂದರವರೆಗೆ ತುಟಿ ಅಲುಗಿತು.

ಅಜ್ಜಿ ಸ್ವಲ್ಪ ಹೊತ್ತು ನೋಡಿ
ದೀಪ ಆರಿಸಿದಳು.