ಎರಡು ಹಲ್ಲು

ಶಿವಮೊಗ್ಗ, ಆಟೋ ಕಾಂಪ್ಲೆಕ್ಸ್, ಕರೆಂಟಿಲ್ಲ.
ಆಯನೂರಿನ ಹತ್ತಿರ ನಿಂತ ಕಾರನ್ನು
ಹಗ್ಗ ಕಟ್ಟಿ ಎಳೆತಂದಿದ್ದಾರೆ.
ಬೆಲ್ಟು ಹರಿದಿಲ್ಲ, ಎರಡು ಹಲ್ಲು ಜಾರಿದೆ, ಅಷ್ಟೆ.

ಅಷ್ಟೆ ಅಂದದ್ದೇ ತಪ್ಪಾಯಿತು.
ಇನಾಯತ್ ಸಾಬರು ಸ್ಪ್ಯಾನರ್ ಕೆಳಗಿಟ್ಟರು:
"ಇನ್ನೊಂದು ಜಾರಿದ್ರೆ
ಇಳಿಯೋ ವಾಲ್ವಿಗೆ ಏರೋ ಪಿಸ್ಟನ್ ಗುದ್ದೋದು.
ಆಮೇಲೆ ಅಳು."

ಕೆಳಗೆ ಕ್ರ್ಯಾಂಕಿನ ಗುರುತು ಸಿಕ್ಕಿತು.
ಮೇಲೆ ಕ್ಯಾಮಿನದು ಜಿಡ್ಡಿನಲ್ಲಿ ಹೂತಿತ್ತು.
ಒರೆಸಿದರೆ, ಹಿಂದಿನವನಾರೋ
ಗುಲಾಬಿ ನೈಲ್ ಪಾಲಿಶ್ ಹಚ್ಚಿದ್ದಾನೆ,
ಪಕ್ಕದ ಹಲ್ಲಿಗೆ!
ಉಗುರಿನಿಂದ ಕೆರೆದು ತೆಗೆದೆ.
ಯಾರ ಮನೆಯ ಬಾಟಲಿಯೋ, ಪಾಪ.

ಹೊಸ ಬೆಲ್ಟು ಏರಿಸಿ, ಟೆನ್ಷನರ್ ಬಿಗಿದು
ಕೀಗೆ ಕೈ ಹಾಕಿದೆ.
ಮಣಿಕಟ್ಟಿಗೆ ಬಿತ್ತು ಒಂದು.
"ಮೊದ್ಲು ಕೈಯಲ್ಲಿ ತಿರುಗಿಸೋ."

ತಿರುಗಿಸಿದೆ.
ಕೆಳಗಿನದು ಎರಡು ಸುತ್ತು ಸುತ್ತಿದರೆ
ಮೇಲಿನದು ಒಂದೇ.
"ಎಲ್ಲಾ ಕಡೆ ಹೀಗೇನಾ ಸಾಬ್ರೆ?"
ಅವರು ನಗಲಿಲ್ಲ,
ಬ್ಯಾಟರಿ ಹಿಡಿದು ಗುರುತನ್ನೇ ನೋಡುತ್ತಿದ್ದರು.

ಎಲ್ಲೂ ತಡೆಯಲಿಲ್ಲ. ಗೆರೆಗೆ ಗೆರೆ ಕೂತಿತು.
ಆಮೇಲೆ ಕೀ.

"ಇಷ್ಟು ಹೊತ್ತು ಅದೇನು ಮಾಡಿದ್ರಪ್ಪಾ?"
ಕೇಳಿದರು ಕಾರಿನವರು, ದುಡ್ಡು ಎಣಿಸುತ್ತಾ.
ಎಂಜಿನ್ ತಣ್ಣಗೆ ಗುನುಗುತ್ತಿತ್ತು.

ರಾತ್ರಿ ಉಣ್ಣುವಾಗ ನೋಡುತ್ತೇನೆ,
ಹೆಬ್ಬೆರಳ ಉಗುರಿನ ಸಂದಿಯಲ್ಲಿ
ಗುಲಾಬಿ ಚೂರು.
ಹೆಂಡತಿಯೂ ನೋಡಿದಳು.