ಮೂವತ್ತೆಂಟು ಕಡ್ಡಿ

ಕಡ್ಡಿಪೆಟಗಿ ಒಂದು. ಎಣಿಸಿದೆ, ಮೂವತ್ತೆಂಟು.
ಜೋಳದ ಹಿಟ್ಟು, ಉಪ್ಪು, ಪುಂಡಿ ಚಟ್ನಿ,
ಮಾವನ ಕಂಬಳಿ, ಅವನ ಬೆವರಿನ ವಾಸನಿ ಸಮೇತ.
ಕಾಲು ಮುರಕೊಂಡು ಡೋಣಿಯೊಳಗ ಮಲಗಿದ್ದ ಅಂದಾನೆಪ್ಪ ಮಾವ
ಹೇಳಿದ್ದು ಎರಡ ಮಾತು:
"ಬೆಂಕಿ ಕಂಡ್ರ ಬಡೀಬ್ಯಾಡ, ಒತ್ತು.
ಹೆದರಿಕಿ ಬಂದ್ರ ಓಡಬ್ಯಾಡ, ಕೆಲಸ ಹುಡುಕು."
ಇಪ್ಪತ್ತು ದಿನ ಅಷ್ಟ, ಬ್ಯಾರೆ ಕಾವಲುಗಾರ ಸಿಗೋತನಕ.
ಬೆಟಗೇರಿಯಿಂದ ಅವ್ವ ಫೋನ್ ಮಾಡಿ ಬೈದಳು,
"ಕಂಡಕಿ ಸುತ್ತೋ ಕಳಕವ್ವ ಗುಡ್ಡ ಕಾಯತಾಳಂತ, ಗುಡ್ಡ!"
ಅರ್ಧ ಏರಿದ ಮ್ಯಾಲೆ
ಫೋನೂ ಬೈಯೋದು ಬಿಟ್ಟಿತು.

ಮೊದಲನೇ ರಾತ್ರಿ ಹನ್ನೊಂದು ಕಡ್ಡಿ ಹೋದವು.
ಗೀರಿದೆ, ಗಾಳಿ ಊದಿತು. ಗೀರಿದೆ, ಊದಿತು.
ಕಪ್ಪತಗುಡ್ಡದ ಗಾಳಿಗೆ ನಾ ಯಾರ ಮಗಳು ಅಂತ ಗೊತ್ತಿದ್ದಿಲ್ಲ.
ನೀರಾಗ ಕಲಿಸಿದ ಹಸಿ ಹಿಟ್ಟು ತಿಂದೆ.
ದೂರದ ದಿಬ್ಬದ ಮ್ಯಾಲೆ ಗಾಳಿಗಿರಣಿಯ ಕೆಂಪು ದೀಪ
ಹತ್ತತಿತ್ತು, ಆರತಿತ್ತು.
ಯಾರೋ ಅದಾರ ಅಲ್ಲಿ ಅಂದಕೊಂಡು
ಅದಕ್ಕ ಮುಖ ಮಾಡಿ ಮಲಗಿದೆ.

ಎರಡನೇ ದಿನ ಆರು ಕಡ್ಡಿ, ಮೂರನೇ ದಿನ ನಾಕು.
ನಾಕನೇ ದಿನ ಗಾಳಿಗೆ ಬೆನ್ನು ಕೊಟ್ಟು ಕುಂತು
ಅಂಗೈ ಗುಂಡಗ ಮಾಡಿದೆ, ಒಂದ ಕಡ್ಡಿ.
ಆಮ್ಯಾಲೆ ಅದೂ ಬೇಕಾಗಲಿಲ್ಲ.
ಕಲ್ಲಿನ ನಡುವ, ಬೂದ್ಯಾಗ ಮುಚ್ಚಿಟ್ಟ ಕೆಂಡ
ಮುಂಜಾನಿತನಕ ಕಣ್ಣು ತೆರಕೊಂಡ ಇರತೈತಿ.
ಇದನ್ನ ಮಾವ ಹೇಳಿದ್ದಿಲ್ಲ,
ನಾ ಆರಿಸೋದು ಮರತ ಒಲಿ ಹೇಳಿತು.

ಗಾಳಿಗಿರಣಿತನಕ ನಡದು ಹೋಗಿ ನೋಡಿದೆ.
ಬುಡದ ಬಾಗಲಕ್ಕ ಬೀಗ, ಬೀಗಕ್ಕ ಜೇಡನ ಬಲಿ.
ಯಾರೂ ಇಲ್ಲ.
ಅವತ್ತ ರಾತ್ರಿ ದೀಪಕ್ಕ ಬೆನ್ನು ಮಾಡಿ ಮಲಗಿದೆ,
ನಿದ್ದಿ ಬಂತು.

ಝರಿ ಬತ್ತಿತ್ತು, ಇದನ್ನೂ ಹೇಳಿದ್ದಿಲ್ಲ ಅವ.
ಬೈದೆ ಅವನಿಗೆ, ಹುಟ್ಟಿದಾಗಿಂದ ಬೈದಿರಲಾರದಷ್ಟು,
ಕೇಳೋರಿಲ್ಲದ ಕಡೆ ಬೈಗಳಕ್ಕ ಎಷ್ಟು ರುಚಿ!
ಬಾಯಿ ಒಣಗಿದ ಮ್ಯಾಲೆ ನೋಡಿದೆ,
ಹಂದಿ ಮೂತಿ ಹಾಕಿ ಕೆದರಿದ ಕುಣಿ,
ಅದರ ಗೊರಸಿನ ಗುರುತಿನ್ಯಾಗ ನಾಕು ಹನಿ ನೀರು, ತುಕ್ಕಿನ ಬಣ್ಣದ್ದು.
ಅಲ್ಲೇ ಮಂಡಿ ಊರಿ ನಾನೂ ಕೆದರಿದೆ.
ನಮ್ಮ ಮಗ್ಗದ ಸೀರಿ ತುಂಡಿನ್ಯಾಗ ಸೋಸಿದರ
ಮಣ್ಣು ಮ್ಯಾಲೆ ಉಳೀತು, ನೀರು ಕೆಳಗ ಇಳೀತು.
ಎಳಿ ಎಷ್ಟು ಒತ್ತಾಗಿ ಬಿದ್ದಾವ ಅಂತ
ಏಳು ವರ್ಷ ಕಂಡಕಿ ಸುತ್ತಿದರೂ ನಾ ನೋಡಿದ್ದಿಲ್ಲ.

ಹನ್ನೆರಡನೇ ದಿನ ಮಧ್ಯಾಹ್ನ
ಬಾದಿ ಹುಲ್ಲು ಬಿಸಿಯಾದ ಘಮ, ಆಮ್ಯಾಲೆ ಹೊಗಿ.
ಪಡುವಣ ಇಳಿಜಾರಿನ್ಯಾಗ ಬೆಂಕಿ
ನೆಲ ಮೂಸಿಕೋತ ಏರತಿತ್ತು, ನಾಯಿ ಹಂಗ.
ಹಸೀ ತಂಗಡಿಕಿ ಟೊಂಗಿ ಮುರದು ಓಡಿದೆ.
ರೊಟ್ಟಿ ಬಡದ ಕೈ. ಬಡೀತು.
ಕಿಡಿ ಹಾರಿ ನನ್ನ ಬೆನ್ನ ಹಿಂದ ಹೊತ್ತಿಗೊಂಡಿತು.
ಆಗ ಕೇಳಿತು ಮಾವನ ಮಾತು.
ಒತ್ತು.
ಒತ್ತಿದೆ. ಒತ್ತಿ ಹಿಡದು ಎಣಿಸಿದೆ, ಎತ್ತಿದೆ,
ಮುಂದಿನ ಮೊಳಕ್ಕ ಒತ್ತಿದೆ.
ಟೊಂಗಿ ಸುಟ್ಟಿತು, ಇನ್ನೊಂದು ಮುರದೆ.
ಹುಬ್ಬು ಸುಟ್ಟಿತು, ಅದನ್ನ ಮುರಿಯಾಕ ಬರೂದಿಲ್ಲ.
ಹೊತ್ತು ಮುಳುಗೋದ್ರಾಗ ಪಡುವಣದ್ದು ಹೋತು,
ಮೂಡಣದ್ದು ಉಳೀತು.
ಹೊಗಳಾಕೂ ಯಾರೂ ಬರಲಿಲ್ಲ, ಬೈಯಾಕೂ.
ಕರಿ ಆದ ನೆಲದ ಮ್ಯಾಲೆ ಒಂದು ಗೌಜಲಕ್ಕಿ
ತನ್ನ ತತ್ತಿ ಇದ್ದ ಜಾಗ ಹುಡುಕತಿತ್ತು,
ಸುತ್ತಿ ಸುತ್ತಿ ಅಲ್ಲೇ ಬರತಿತ್ತು.
ಅದಕ್ಕ ಏನು ಹೇಳಬೇಕು, ನನಗ ಇನ್ನೂ ತಿಳದಿಲ್ಲ.

ಡೋಣಿಗೆ ಇಳದು ಪೆಟಗಿ ಮಾವನ ಕೈಯಾಗ ಇಟ್ಟೆ.
ಹದಿನಾರು ಕಡ್ಡಿ.
ಎಣಿಸಿದ. ಮತ್ತೊಮ್ಮೆ ಎಣಿಸಿದ.
ನನ್ನ ಹುಬ್ಬಿನ ಕಡೆ ನೋಡಿ ಏನೂ ಕೇಳಲಿಲ್ಲ.

ಈಗ ಬೆಟಗೇರಿಯ ಓಣ್ಯಾಗ ಮಗ್ಗ ಸದ್ದು ಮಾಡತಾವ,
ಅವ್ವ ಇನ್ನೂ ಹುಬ್ಬಿನ ಸಲುವಾಗಿ ಗೊಣಗತಾಳ,
ನಾ ಚಾ ಮಾಡಾಕ ಗ್ಯಾಸ್ ಹಚ್ಚತೇನಿ.
ನಾಕು ಗೋಡಿ, ಮುಚ್ಚಿದ ಕಿಟಕಿ,
ಗಾಳಿ ಅನ್ನೋದ ಇಲ್ಲ.
ಆದರೂ ಕಡ್ಡಿ ಗೀರೋ ಮೊದಲ
ಬೆನ್ನು ತಾನ ತಿರಗತೈತಿ,
ಅಂಗೈ ತಾನ ಗುಂಡಗ ಆಗತೈತಿ.